ಟಗರಿನ ಕಿವಿ ವಾಸಿಯಾಯಿತಂತೆ

ರಾಮಗಿರಿ
21-2-2025

ಕುರಿಮಂದೆಯ ಯಜಮಾನರಾದ ದುರುಗೇಶ್ ಅವರಿಗೆ, ಹೆಂಡತಿ ಮಮತಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಮಂದೆಯಿಂದ ಮನೆಗೆ ಬಂದ ನಿಮ್ಮ ತಮ್ಮ ಹಾಲೇಶನ ಬಾಯಿಂದ ತಿಳಿದು ಮೈಯೆಲ್ಲ ಉರಿಯಿತು. ಫೋನಿನಲ್ಲೇ ಬೈದುಬಿಡುತ್ತಿದ್ದೆ. ಆದರೆ ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸುತ್ತದೆ, ನಿಮಗೊಬ್ಬರಿಗೆ ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ ಬರೆದು ಅವನ ಕೈಲೇ ಕಳಿಸುತ್ತಿದ್ದೇನೆ.

ಚಿತ್ರದುರ್ಗದ ಡಾಕ್ಟರಮ್ಮ ಎಷ್ಟು ಬಿಡಿಸಿ ಹೇಳಿದ್ದರು! ಬಲಗಿವಿ ಹೋದಂತೆಯೇ, ಎಡಗಿವಿಯನ್ನಾದರೂ ಉಳಿಸಿಕೊಳ್ಳೋಣ, ಸೋರುವುದು ನಿಂತು ಪೂರ್ತಿ ಒಣಗಿದರೆ ಯುಗಾದಿಯೊಳಗೆ ಆಪರೇಷನ್ ಮಾಡಿ ಕಿವಿಯ ತಮಟೆಯ ತೂತು ಮುಚ್ಚುತ್ತೇನೆ, ಅಲ್ಲಿಯವರೆಗೆ ಕಿವಿಗೆ ಒಂದು ಹನಿ ನೀರೂ ಹೋಗಕೂಡದು ಎಂದು. ನೀವು ಕೋಲೆಬಸವನ ಹಾಗೆ ತಲೆಯಾಡಿಸಿದಿರಿ. ತಲೆಗೆ ನೀರು ಬೀಳದಂತೆ ನಾನೇ ನಿಂತು ಸ್ನಾನ ಮಾಡಿಸಿ, ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದ ಅತ್ತೆಯ ಹತ್ತಿರ ಜಗಳವಾಡಿ, ಅಂತೂ ಕಿವಿ ಒಣಗುತ್ತಾ ಬಂದಿತ್ತು.

ನೀವೇನು ಮಾಡಿದಿರಿ? ಉಣ್ಣೆ ಕತ್ತರಿಸುವ ಮೊದಲು ಕುರಿ ಮೈ ತೊಳೆಯಬೇಕು, ಮನೆಯ ಹಿರಿಮಗನೇ ಟಗರು ಹಿಡಿದು ಮೊದಲು ನೀರಿಗಿಳಿಯಬೇಕು ಎಂದು ಹೊಸದುರ್ಗದ ಕಡೆಯ ಆ ಕೆರೆಗೆ ಇಳಿದಿರಿ. "ಟಗರು ಎಳೀತು ಅತ್ಗೇ, ಅಣ್ಣ ಮುಳುಗಿ ಎದ್ದ. ಕಿವಿ ಮತ್ತೆ ಸೋರ್ತಾ ಐತೆ" ಎಂದ ಹಾಲೇಶ. ನನ್ನ ಪಾಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಔಷಧಿಯನ್ನಾದರೂ ಹಾಕಿಕೊಂಡರೇ ಎಂದು ಕೇಳಿದೆ. "ಟಗರಿಗೂ ಕಿವಿ ಹುಣ್ಣಾಗಿತ್ತು. ಮೂಕಪ್ರಾಣಿ ಪಾಪ ಅಂತ ಅಣ್ಣ ಎಲ್ಲಾ ಅದಕ್ಕೇ ಹಾಕ್ದ" ಎಂದ. ಟಗರಿನ ಕಿವಿ ವಾಸಿಯಾಯಿತಂತೆ! ಅದಕ್ಕೆ ಕಿವಿ ಇದ್ದು ಏನಾಗಬೇಕಿದೆ ರೀ? ಯಾರ ಮಾತು ಕೇಳಬೇಕಾಗಿದೆ ಅದು?

ನನಗೆ ಸಾಕಾಗಿಹೋಗಿದೆ. ನಿನ್ನೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಸೋರುವ ಕಿವಿಗೆ ಆಪರೇಷನ್ ಮಾಡುವುದಿಲ್ಲವಂತೆ. ಕೀವು ಒಳಗಿನ ಮೂಳೆಯನ್ನು ತಿಂದರೆ ಇದ್ದದ್ದೂ ಹೋಗುತ್ತದಂತೆ. ಸೋಮವಾರ ತೋರಿಸಲೇಬೇಕು. ಮಂದೆಯನ್ನು ಹಾಲೇಶನಿಗೆ ಬಿಟ್ಟು ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗೆ ಬನ್ನಿ. ಬರದಿದ್ದರೆ ಮಗಳನ್ನು ಎತ್ತಿಕೊಂಡು ನಾನೇ ಮಂದೆಗೆ ಬರುತ್ತೇನೆ. ಆಮೇಲೆ ನಾಲ್ಕು ಜನರ ಮುಂದೆ ಮಾನ ಹೋಯಿತು ಅನ್ನಬೇಡಿ.

ಇಂತಿ, ಕೂಗಿ ಕೂಗಿ ಗಂಟಲು ಕಟ್ಟಿಹೋದ ನಿಮ್ಮ
ಮಮತಾ

ವಿ.ಸೂ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮಗಳು ಈಗ ಎಲ್ಲರನ್ನೂ ಕೂಗಿ ಕರೆಯುತ್ತಾಳೆ, ಪಕ್ಕದ ಮನೆಯ ಕಾಳಕ್ಕನನ್ನೂ. ನಿಮ್ಮನ್ನು ಮಾತ್ರ ಕರೆಯುವುದಿಲ್ಲ, ಹತ್ತಿರ ಬಂದು ಅಂಗಿ ಎಳೆಯುತ್ತಾಳೆ. ನೀವು ಅದನ್ನು ಮುದ್ದು ಅಂದುಕೊಂಡು ನಗುತ್ತೀರಿ. ಅಪ್ಪನಿಗೆ ಕೇಳಿಸುವುದಿಲ್ಲ ಎಂದು ಅವಳಿಗೆ ನಾವ್ಯಾರೂ ಹೇಳಿಕೊಟ್ಟಿಲ್ಲ.