ಏಳನೆಯ ಪುಟದ ನಾಲ್ಕು ಸಾಲು

ಮ್ತ್ವಾರಾ ಬಂದರು, ತಾಂಜಾನಿಯಾ
ಫೆಬ್ರವರಿ 30, 2149

ಭುಜಂಗಜ್ಜನಿಗೆ,

ಮೇಲಿನ ತಾರೀಖು ಕೈತಪ್ಪಿ ಬಿದ್ದದ್ದಲ್ಲ. ನಲವತ್ತು ವರ್ಷಗಳ ಹಿಂದೆ ಎಲ್ಲ ದೇಶಗಳೂ ಸೇರಿ ತಿಂಗಳುಗಳನ್ನು ಸರಿಪಡಿಸಿದವು. ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟವು. ನನ್ನ ಮಾತಿನಲ್ಲಿಯೂ ನಿಮಗೆ ಗೊತ್ತಿಲ್ಲದ ಕೆಲವು ಪದಗಳು ಬರುತ್ತವೆ. ಬಂದಲ್ಲೇ ವಿವರಿಸುತ್ತೇನೆ, ಕ್ಷಮಿಸಿ. ನಾನು ಯಶವಂತಿ ಕರ್ಕೇರ, ನಿಮ್ಮ ಮೊಮ್ಮಗನ ಮೊಮ್ಮಗಳು. ವಯಸ್ಸು ಐವತ್ತೊಂದು. ಈ ಪತ್ರ ನಿಮಗೆ ತಲುಪುವ ದಾರಿ ಇಲ್ಲವೆಂದು ಬಲ್ಲೆ. ಆದರೆ ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಉಂಟು. ತಪ್ಪು ಒಪ್ಪಿಕೊಳ್ಳುವವರು ಮೊದಲು ಅದನ್ನು ತೀರಿಹೋದ ಹಿರಿಯರೊಬ್ಬರಿಗೆ ಪತ್ರವಾಗಿ ಬರೆಯಬೇಕು, ಮರುದಿನ ಎಲ್ಲರೆದುರು ಓದಬೇಕು. ಎದುರಿಗಿರುವವರಿಗೆ ಬರೆದರೆ ಜನ ಸಮಜಾಯಿಷಿಗೆ ಇಳಿಯುತ್ತಾರೆ, ತೀರಿಹೋದವರಿಗೆ ಬರೆಯುವಾಗ ಸುಮ್ಮನೆ ನಡೆದದ್ದನ್ನು ಹೇಳುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

ನಿಮ್ಮನ್ನೇ ಆರಿಸಿದ್ದಕ್ಕೆ ಕಾರಣವಿದೆ. ನೀವು ಬಹರೈನಿನ ಹಡಗು ದುರಸ್ತಿ ಅಂಗಳದಲ್ಲಿ ಸ್ಟೋರ್‌ಕೀಪರ್ ಆಗಿದ್ದು, ಊರಿನ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದ ಪತ್ರಗಳ ಕಡತ ನಮ್ಮ ಮನೆಯಲ್ಲಿದೆ. ಒಟ್ಟು ನಲವತ್ತೊಂದು ಪತ್ರ. ಮಂಗಳೂರಿನ ರಸ್ತೆ, ವಿಧಾನಸಭೆ, ರೈಲು, ಮೀನುಗಾರಿಕೆ ಜೆಟ್ಟಿ, ಎಲ್ಲದರ ಮೇಲೂ ನಿಮ್ಮ ಅಭಿಪ್ರಾಯವಿದೆ. ನೀವು ಇಪ್ಪತ್ತೆರಡು ವರ್ಷ ಬದುಕಿದ ಬಹರೈನಿನ ಬಗ್ಗೆ ಇರುವುದು ಒಂದೇ ವಾಕ್ಯ: ‘ಇಲ್ಲಿ ಈಗ ನಲವತ್ತೆಂಟು ಡಿಗ್ರಿ.’ ಕಡತದ ಎದುರುಬದುರು ಪುಟಗಳಲ್ಲಿ ಎರಡು ತುಣುಕುಗಳಿವೆ. ಎಡಗಡೆಯದರಲ್ಲಿ, ಹೊರರಾಜ್ಯದಿಂದ ನಮ್ಮ ಬಂದರಿಗೆ ಬಂದ ಕೂಲಿಯವರಿಗೆ ರೇಷನ್ ಕಾರ್ಡು ಯಾಕೆ ಎಂದು ಕೇಳಿದ್ದೀರಿ. ಬಲಗಡೆಯದರಲ್ಲಿ, ವರ್ಷಗಟ್ಟಲೆ ಬೆವರು ಸುರಿಸಿದ ದೇಶದಲ್ಲಿ ನಮಗೆ ಯಾವ ಹಕ್ಕೂ ಇಲ್ಲವೇ ಎಂದು ಕೇಳಿದ್ದೀರಿ. ಎರಡರ ನಡುವೆ ಎರಡು ತಿಂಗಳ ಅಂತರ. ಹುಡುಗಿಯಾಗಿದ್ದಾಗ ಈ ಎರಡು ಪುಟ ನೋಡಿ ನಾನು ನಕ್ಕದ್ದುಂಟು. ಈಗ ನಗುವ ಯೋಗ್ಯತೆ ನನಗಿಲ್ಲ.

ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ಇಲ್ಲಿಯ ಗೇರುಬೀಜ ಕಾರ್ಖಾನೆಯ ದೊಡ್ಡ ಹಾಲ್‌ನಲ್ಲಿ ಇನ್ನೂರ ನಲವತ್ತು ಹೆಂಗಸರು ತಿರುಳು ಆರಿಸುತ್ತಾರೆ. ಒಡೆಯುವುದು, ಸಿಪ್ಪೆ ತೆಗೆಯುವುದು ಎಲ್ಲ ಯಂತ್ರದ್ದೇ. ಹುಳು ಹಿಡಿದ ತಿರುಳನ್ನು ಮಾತ್ರ ಈಗಲೂ ಕಣ್ಣು, ಬೆರಳುಗಳೇ ಹಿಡಿಯಬೇಕು. ಅವರಲ್ಲಿ ನೂರ ನಲವತ್ತು ಮಂದಿ ಕಾರ್ಕಳ, ಮೂಡುಬಿದಿರೆ, ಮಂಗಳೂರು ಕಡೆಯಿಂದ ಬಂದವರು. ಉಳಿದವರು ಇಲ್ಲಿಯವರೇ. ಮಧ್ಯಾಹ್ನದ ಬಿಸಿಲಿಗೆ ಯಾರೂ ಹೊರಗೆ ಬರುವಂತಿಲ್ಲವಾದ್ದರಿಂದ ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಏಳು ಕೆಲಸ. ಎಲ್ಲರಿಗೂ ಎರಡು ಭಾಷೆ ಬರುತ್ತದೆ. ಬೈಯುವುದು ತುಳುವಿನಲ್ಲಿ, ಲೆಕ್ಕ ಸ್ವಾಹಿಲಿಯಲ್ಲಿ, ಜಗಳ ಕನ್ನಡದಲ್ಲಿ.

ನಾನು ಆರಿಸುವವಳಲ್ಲ, ಅವರು ಆರಿಸುವಾಗ ಪತ್ರಿಕೆ ಓದುವವಳು. ನಿಮ್ಮ ಕಾಲದ ಕೊನೆಯಲ್ಲಿ ಯಂತ್ರಗಳು ಯಾರ ಮುಖ, ಯಾರ ದನಿಯನ್ನು ಬೇಕಾದರೂ ಮಾಡತೊಡಗಿದವಲ್ಲ, ಆಮೇಲೆ ಐವತ್ತು ವರ್ಷ ಯಾರೂ ಯಾವ ಸುದ್ದಿಯನ್ನೂ ನಂಬದ ಹಾಗಾಯಿತು. ಕೊನೆಗೆ ನ್ಯಾಯಾಲಯಗಳು ಒಂದು ನಿಯಮ ಮಾಡಿದವು. ಅಚ್ಚಾದ ಪತ್ರಿಕೆಯನ್ನು ಗುರುತಿರುವ ಒಬ್ಬ ಮನುಷ್ಯ ಎದುರು ನಿಂತು ಓದಿ, ಕೆಳಗೆ ಸಹಿ ಹಾಕಿದರೆ ಮಾತ್ರ ಅದು ಜನರಿಗೆ ತಲುಪಿದ ಸುದ್ದಿ. ಇದಕ್ಕೆ ಸಾಕ್ಷಿಓದು ಎನ್ನುತ್ತೇವೆ. ಮಂಗಳೂರಿನ ಪತ್ರಿಕೆ ಹಡಗಿನಲ್ಲಿ ಹನ್ನೊಂದು ದಿನಕ್ಕೆ ಬರುತ್ತದೆ, ಇಲ್ಲಿಯದು ಅದೇ ದಿನ ಸಿಗುತ್ತದೆ. ಎರಡನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಓದಬೇಕು. ಹದಿನೇಳು ವರ್ಷಗಳಿಂದ ಓದುತ್ತಿದ್ದೇನೆ. ನಾನು ಓದಿದ್ದನ್ನು ಮಾತ್ರ ನಮ್ಮವರು ನಂಬುತ್ತಾರೆ. ಇದನ್ನು ಜಂಬದಿಂದ ಬರೆಯುತ್ತಿಲ್ಲ. ಮುಂದಿನದು ಅರ್ಥವಾಗಲು ಇದು ಬೇಕು.

ಇನ್ನೊಂದು ಪದ ಅರೆಮತ. ಒಂದು ದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ದುಡಿಯುವವರಿಗೆ ಎರಡೂ ಕಡೆ ಅರ್ಧರ್ಧ ಮತ. ಅದರ ಜೊತೆಗೇ ಆರು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸುವ ಹಕ್ಕು ಬರುತ್ತದೆ. ಅರೆಮತ ಹೋದರೆ ನೆಲೆಯೂ ಹೋಯಿತು. ನೀವು ಕೇಳಿ ಕೇಳಿ ಸಿಗದೇ ಹೋದದ್ದು ನಮಗೆ ಸಿಕ್ಕಿತು ಎಂದು ತಿಳಿಯಿರಿ. ಅದನ್ನು ನಾವು ಬಳಸಿದ ರೀತಿ ಮಾತ್ರ ನಿಮ್ಮ ಎದುರುಬದುರು ಪುಟಗಳಂತೆಯೇ ಇತ್ತು. ಇಲ್ಲಿಯ ಚುನಾವಣೆಯಲ್ಲಿ ಹೊರಗಿನಿಂದ ಬಂದವರ ಪರ ಇರುವ ಪಕ್ಷಕ್ಕೆ, ಊರಿನದರಲ್ಲಿ ಹೊರಗಿನವರು ಬೇಡ ಎನ್ನುವ ಪಕ್ಷಕ್ಕೆ. ಹದಿನೇಳು ವರ್ಷ ಎರಡು ದೇಶಗಳ ಪತ್ರಿಕೆ ಓದಿದ ನನ್ನ ಅನುಭವದಲ್ಲಿ, ಎರಡೂ ಕಡೆ ಇರುವುದು ಒಂದೇ ಸುದ್ದಿ: ಕುಡಿಯುವ ನೀರು, ಕುಸಿದ ಕಡಲ ಗೋಡೆ, ಇವೆರಡಕ್ಕೂ ಹೊರಗಿನಿಂದ ಬಂದವರೇ ಕಾರಣ ಎನ್ನುವ ಒಬ್ಬ ಮಂತ್ರಿ. ಹೆಸರು ಮಾತ್ರ ಬೇರೆ.

ಕಳೆದ ಡಿಸೆಂಬರ್ ಹತ್ತರಂದು ಮಂಗಳೂರಿನಲ್ಲಿ ಜನಮತ ನಡೆಯಿತು. ತಾಂಜಾನಿಯಾದಿಂದ ಅಲ್ಲಿಗೆ ದುಡಿಯಲು ಹೋದವರಿಗೆ ಅರೆಮತ ಮುಂದುವರಿಸಬೇಕೇ ಬೇಡವೇ ಎಂಬುದು ಪ್ರಶ್ನೆ. ಹುಟ್ಟಿದ ಊರಿನವರೆಂಬ ಲೆಕ್ಕದಲ್ಲಿ ಅದಕ್ಕೆ ನಾವೂ ಮತ ಹಾಕಬೇಕಿತ್ತು. ನವೆಂಬರ್ ಹತ್ತೊಂಬತ್ತಕ್ಕೆ ಬಂದ ಮಂಗಳೂರಿನ ಪತ್ರಿಕೆಯ ಏಳನೆಯ ಪುಟದಲ್ಲಿ, ಹಡಗುಗಳ ವೇಳಾಪಟ್ಟಿಯ ಕೆಳಗೆ, ಇಲ್ಲಿಯ ಪತ್ರಿಕೆಯಲ್ಲಿ ಬಾರದ ನಾಲ್ಕು ಸಾಲಿನ ಒಂದು ಪ್ರಕಟಣೆ ಇತ್ತು. ಎರಡೂ ಸರಕಾರಗಳು ಸರಿಸಾಟಿ ಕಾಯ್ದೆಗೆ ಸಹಿ ಹಾಕಿವೆ, ಒಂದು ದೇಶ ಇನ್ನೊಂದು ದೇಶದವರ ಅರೆಮತ ತೆಗೆದರೆ ಆ ದೇಶವೂ ತಾನಾಗಿಯೇ ತೆಗೆಯುತ್ತದೆ ಎಂದು.

ನಾನು ಅದನ್ನು ಓದಲಿಲ್ಲ.

ಮರೆತೆ ಎಂದರೆ ನಂಬುವವರಿದ್ದಾರೆ. ಆದರೆ ಮರೆತಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ, ಓದುವ ಮೊದಲು ಕಣ್ಣಾಡಿಸುವಾಗಲೇ ನೋಡಿದ್ದೆ. ಮಂಗಳೂರಿನ ಬೆಂಗ್ರೆಯಲ್ಲಿರುವ ನನ್ನ ತಮ್ಮ ಪ್ರತಿ ಹಡಗಿಗೂ ಒಂದು ದೂರು ಬರೆದು ಕಳಿಸುತ್ತಿದ್ದ. ದೋಣಿ ಕಟ್ಟುವ ಕೆಲಸವೆಲ್ಲ ಹೊರಗಿನವರ ಪಾಲಾಯಿತು ಎಂದು. ನನಗೂ ಹಾಗೆಯೇ ಅನಿಸಿತ್ತು. ಈ ನಾಲ್ಕು ಸಾಲು ಕೇಳಿದರೆ ನಮ್ಮವರ ಮನಸ್ಸು ತಿರುಗುತ್ತದೆ ಎಂದು ಗೊತ್ತಿತ್ತು. ಕಾಯ್ದೆ ಕಾಗದದಲ್ಲಿಯೇ ಉಳಿಯುತ್ತದೆ, ನಮ್ಮ ತನಕ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆರನೆಯ ಪುಟ ಮುಗಿಸಿ ಎಂಟನೆಯ ಪುಟಕ್ಕೆ ಹೋದೆ. ಕೆಳಗೆ ಸಹಿ ಹಾಕಿದೆ.

ನಾಲ್ಕು ದಿನ ಬಿಟ್ಟು, ಮೂರನೆಯ ಸಾಲಿನಲ್ಲಿ ಕೂರುವ ಸರೋಜಿನಿ ದೋಣಿಕಟ್ಟೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಳು.

“ನೋಡಿ, ಅಲ್ಲಿ ಅವರದ್ದು ತೆಗೆದ್ರೆ ಇಲ್ಲಿ ನಮ್ಮದೂ ಹೋಗ್ತದಂತೆ. ಪಕ್ಕದ ಕಾರ್ಖಾನೆಯವರು ಹೇಳಿದ್ದು.”

“ಯಾರು ಹೇಳಿದ್ದು? ಹೆಸರು ಹೇಳಿ ಮಾರಾಯ್ರೆ” ಎಂದಳು ಪಕ್ಕದವಳು.

“ಹೆಸರು ಕೇಳ್ಲಿಲ್ಲ. ದೋಣಿ ಹೊರಟಿತ್ತು.”

“ಯಶವಂತಿಯಕ್ಕ ಓದಿದ್ರಾ? ಇಲ್ಲ ಅಲ್ವಾ? ಹಾಗಾದ್ರೆ ಅದು ಎಂತದೂ ಅಲ್ಲ. ನೀವು ಒಮ್ಮೆ ಮೊಸಳೆ ಬಂತು ಅಂತ ಹೇಳಿ ಇಡೀ ಹಾಲ್ ಖಾಲಿ ಮಾಡಿಸಿದ್ದು ನೆನಪುಂಟಾ?”

ಎಲ್ಲರೂ ನಕ್ಕರು. ಸರೋಜಿನಿಯೂ ನಕ್ಕು, “ಅದು ಮೊಸಳೆಯ ಹಾಗೇ ಇತ್ತು” ಎಂದಳು. ನಾನು ಪತ್ರಿಕೆ ಮಡಚುತ್ತಿದ್ದೆ.

ಫಲಿತಾಂಶ ಹೀಗೆ. ಅರೆಮತ ಮುಂದುವರಿಸುವುದು ಬೇಡ ಎಂಬುದು ಮೂವತ್ತೆಂಟು ಮತಗಳಿಂದ ಗೆದ್ದಿತು. ನಮ್ಮ ಹಾಲ್‌ನ ನೂರ ನಲವತ್ತರಲ್ಲಿ ನೂರ ಇಪ್ಪತ್ತೈದು ಮಂದಿ ಬೇಡ ಎಂದು ಹಾಕಿದ್ದರು, ನಾನೂ ಹಾಗೆಯೇ ಹಾಕಿದ್ದೆ. ಅರ್ಧ ಮತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ಅಂತರ ಒಂದು ಕಡಿಮೆಯಾಗುತ್ತದೆ. ಅಂದರೆ ಈ ಹಾಲ್‌ನಲ್ಲಿ ಮೂವತ್ತೊಂಬತ್ತು ಮಂದಿ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಆ ಪ್ರಕಟಣೆ ಓದಿದ ಪಕ್ಕದ ಕಾರ್ಖಾನೆಯಲ್ಲಿ ನಮ್ಮೂರಿನವರೇ ಹತ್ತರಲ್ಲಿ ಎಂಟು ಮಂದಿ ಬೇಕು ಎಂದು ಹಾಕಿದ್ದಾರೆ.

ಜನವರಿಯಲ್ಲಿ ಎರಡು ನೋಟಿಸು ಬಂದವು. ಎರಡನ್ನೂ ನಾನೇ ಓದಿದೆ. ಮಂಗಳೂರಿನಲ್ಲಿ ಆರು ವರ್ಷ ಮೀರಿದ ತಾಂಜಾನಿಯಾದವರು ಮೇ ಕೊನೆಯೊಳಗೆ ಹೊರಡಬೇಕು. ಮ್ತ್ವಾರಾದಲ್ಲಿ ಆರು ವರ್ಷ ಮೀರಿದ ಭಾರತದವರು ಜೂನ್ ಕೊನೆಯೊಳಗೆ ಹೊರಡಬೇಕು.

“ಇದು ಮೊದಲೇ ಗೊತ್ತಿದ್ರೆ ನಾವು ಹಾಗೆ ಹಾಕ್ತಿದ್ದೆವಾ?” ಎಂದು ಯಾರೋ ಕೇಳಿದರು.

ಅಂದು ಹತ್ತು ಗಂಟೆಗೆ ಎಲ್ಲರೂ ಹೋದ ಮೇಲೆ ಹಲೀಮಾ ನನ್ನ ಮೇಜಿನ ಹತ್ತಿರ ಬಂದಳು. ಹಲೀಮಾ ಇಲ್ಲಿಯವಳು. ಇಪ್ಪತ್ತು ವರ್ಷ ನಮ್ಮವರ ಜೊತೆ ಕೂತು ಕನ್ನಡ ಕಲಿತವಳು. ಅವಳ ಮಗಳು ಜವಾದಿ ಬೆಂಗ್ರೆಯ ದೋಣಿ ಅಂಗಳದಲ್ಲಿ ಏಳು ವರ್ಷಗಳಿಂದ ಮೋಟಾರು ರಿಪೇರಿ ಮಾಡುತ್ತಾಳೆ. ಹಲೀಮಾ ನನ್ನನ್ನು ದಾದಾ ಎನ್ನುತ್ತಾಳೆ, ಅವರಲ್ಲಿ ಅಕ್ಕ ಎಂದರ್ಥ.

“ದಾದಾ, ನೀವು ಪೇಪರಿನ ಮನುಷ್ಯರು. ಇದು ಮೊದಲು ಎಲ್ಲಿಯಾದ್ರೂ ಬಂದಿತ್ತಾ?”

“ಕಂಡ ನೆನಪಿಲ್ಲ, ಹಲೀಮಾ.”

“ನಿಮಗೆ ಕಾಣಲಿಲ್ಲ ಅಂದ್ರೆ ಬಂದಿರಲಿಕ್ಕಿಲ್ಲ” ಎಂದಳು. ಮತ್ತೆ ಹೋಗುತ್ತಾ ತಿರುಗಿ, “ಜವಾದಿಗೆ ಸಮಾಧಾನ ಹೇಳ್ತೇನೆ. ಮೊನ್ನೆ ಬರೆದಿದ್ದಳು, ಅಮ್ಮಾ ನಿನ್ನ ಜೊತೆ ಕೂರುವ ಕನ್ನಡದ ಹೆಂಗಸರೇ ನಮ್ಮನ್ನು ಹೊರಗೆ ಹಾಕಿದ್ದಾ ಅಂತ. ಅವರಿಗೆ ಗೊತ್ತಿರಲಿಲ್ಲ ಮಗಾ ಅಂತ ಬರೀತೇನೆ” ಎಂದಳು.

ಆ ಪತ್ರ ಹಡಗಿನಲ್ಲಿ ಹೋಗಿದೆ. ಅದರಲ್ಲಿರುವುದು ನೂರ ಇಪ್ಪತ್ತೈದು ಮಂದಿಯ ಮಟ್ಟಿಗೆ ನಿಜ.

ಅಜ್ಜಾ, ಕಾನೂನಿನಲ್ಲಿ ಒಂದು ಬಾಗಿಲು ಇನ್ನೂ ತೆರೆದಿದೆ. ಜನಮತದ ಮೊದಲು ಒಂದು ಪ್ರಕಟಣೆ ಸಾಕ್ಷಿಓದಿನಲ್ಲಿ ಮತದಾರರಿಗೆ ತಲುಪಿಲ್ಲ ಎಂದು, ಮತ್ತು ತಲುಪದ ಮತಗಳು ಅಂತರಕ್ಕಿಂತ ಹೆಚ್ಚು ಎಂದು ಜನಮತ ನಡೆದ ತೊಂಬತ್ತು ದಿನದೊಳಗೆ ಸಾಬೀತು ಮಾಡಿದರೆ ಮರುಮತ ನಡೆಸಲೇಬೇಕು. ನನ್ನದು ಬಿಟ್ಟು ನೂರ ಇಪ್ಪತ್ತೈದು ಅರೆಮತ ಎಂದರೆ ಅರವತ್ತೆರಡೂವರೆ ಮತ, ಮೂವತ್ತೆಂಟಕ್ಕಿಂತ ಹೆಚ್ಚು. ಸಾಬೀತು ಮಾಡಬಲ್ಲವಳು ನಾನೊಬ್ಬಳೇ, ಏಕೆಂದರೆ ಓದಿದ್ದೇನೆ ಎಂಬ ಸಹಿ ನನ್ನದು. ಅದು ಸುಳ್ಳು ಸಹಿ ಎಂದು ನಾನೇ ಹೇಳಬೇಕು. ಇನ್ನು ಎಂಟು ದಿನ ಉಳಿದಿದೆ. ಸುಳ್ಳು ಸಹಿ ಹಾಕಿದವರು ಮತ್ತೆ ಎಂದೂ ಓದುವಂತಿಲ್ಲ, ಯಾವ ದೇಶದಲ್ಲಿಯೂ ಮತ ಹಾಕುವಂತಿಲ್ಲ. ಅರೆಮತದ ಜೊತೆ ನೆಲೆಯೂ ಹೋಗುವುದರಿಂದ, ಮರುಮತದಲ್ಲಿ ಗೆದ್ದು, ಉಳಿದವರೆಲ್ಲ ಇಲ್ಲಿಯೇ ಇದ್ದರೂ ನಾನು ಹೊರಡಬೇಕು. ಹೊರಟರೆ ಬೆಂಗ್ರೆಗೇ ಹೋಗಬೇಕು, ತಮ್ಮನ ಮನೆಗೆ. ಜವಾದಿಯ ಅಂಗಳ ಅಲ್ಲಿಂದ ನಡೆದುಹೋಗುವ ದೂರ.

ಮರುಮತದಲ್ಲಿ ಗೆಲ್ಲುತ್ತೇವೆಯೇ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಕಡತದಲ್ಲಿ ಕೊನೆಯ ಹಾಳೆ ಖಾಲಿ ಉಳಿದಿದೆ. ನಲವತ್ತೆರಡನೆಯ ಪತ್ರ ಬರೆಯಿರಿ. ಊರಿನ ರಸ್ತೆಯ ಬಗ್ಗೆ ಬೇಡ, ಅದರ ಬಗ್ಗೆ ಬರೆಯುವವರು ಊರಲ್ಲಿ ಇದ್ದಾರೆ. ನಿಮ್ಮ ಸ್ಟೋರಿನ ಪಕ್ಕದ ಮೇಜಿನಲ್ಲಿ ಕೂತವನು ಯಾವ ದೇಶದವನು, ಅವನ ಊರಿನ ಪತ್ರಿಕೆ ನಿಮ್ಮಂಥವರ ಬಗ್ಗೆ ಏನು ಬರೆಯುತ್ತದೆ ಎಂದು ಕೇಳಿ ಬರೆಯಿರಿ. ಆಮೇಲೆ ನಿಮ್ಮ ಊರಿನ ಪತ್ರಿಕೆಯಲ್ಲಿ ಅವನಂಥವರ ಬಗ್ಗೆ ಬಂದದ್ದನ್ನು, ಏನನ್ನೂ ಬಿಡದೆ, ಅವನ ಮುಖ ನೋಡಿಕೊಂಡು ಅವನಿಗೆ ಓದಿ ಹೇಳಿ. ಬಿಡಬೇಕು ಅನಿಸುವ ಸಾಲು ಒಂದು ಖಂಡಿತ ಸಿಗುತ್ತದೆ. ಅದನ್ನೇ ಮೊದಲು ಓದಿ.

ನಾಳೆ ಮಾರ್ಚ್ ಒಂದು. ಐದು ಗಂಟೆಗೆ ಈ ಪತ್ರವನ್ನು ಓದುತ್ತೇನೆ. ಹಲೀಮಾ ಎಡಗಡೆಯ ಸಾಲಿನಲ್ಲಿ, ಕಿಟಕಿಯ ಹತ್ತಿರ ಕೂರುತ್ತಾಳೆ. ನವೆಂಬರ್ ಹತ್ತೊಂಬತ್ತಕ್ಕೆ ಬಂದ ಪತ್ರಿಕೆಯನ್ನು ಪೆಟ್ಟಿಗೆಯಿಂದ ತೆಗೆದು ಇಟ್ಟಿದ್ದೇನೆ, ಏಳನೆಯ ಪುಟ ಮೇಲೆ ಬರುವ ಹಾಗೆ ಮಡಚಿದ್ದೇನೆ. ಈ ಪತ್ರ ಮುಗಿದ ಕೂಡಲೇ ಆ ನಾಲ್ಕು ಸಾಲುಗಳನ್ನು ಎರಡೂ ಭಾಷೆಗಳಲ್ಲಿ ಓದಿ, ಪತ್ರಿಕೆಯನ್ನು ಹಲೀಮಾಳ ಕೈಗೆ ಕೊಟ್ಟು, ಓದುವ ಜಾಗ ಬಿಟ್ಟು ಇಳಿಯುತ್ತೇನೆ.

ನಿಮ್ಮ ಮೊಮ್ಮಗನ ಮೊಮ್ಮಗಳು,
ಯಶವಂತಿ