ಟ್ಯಾಂಕಿಗೆ ಕಟ್ಟಿದ ಉಡದಾರ

ಕೂಡ್ಲಿಗಿ, ಸೋಮವಾರ

ಮಾವನವರಾದ ಪಾಲಾಕ್ಷಪ್ಪನವರಿಗೆ ನಮಸ್ಕಾರಗಳು.

ರೇಣುಕಾ ಅಳುತ್ತಾ ತಂಬ್ರಹಳ್ಳಿಗೆ ಬಂದಿರಬೇಕು. ನಾನು ಆರೋಗ್ಯವಾಗಿದ್ದೇನೆ.

ನಾನು ಜೋಡಿಸುತ್ತಿರುವ ಅಂಗೈಯಗಲದ ಮಾದರಿ ಯುದ್ಧ ಟ್ಯಾಂಕಿಗೆ, ಕೆಸರಲ್ಲಿ ಹೂತರೆ ಎಳೆಯುವ ಕೇಬಲ್ ಬೇಕಿತ್ತು. ಕಂಬಳಿ ನೂಲು ಹಾಕಿದರೆ ಟ್ಯಾಂಕಿಗೆ ಗಡ್ಡ ಬಂದಂತಾಯಿತು. ತಾಮ್ರದ ತಂತಿ ಜೋತು ಬೀಳಲೇ ಇಲ್ಲ. ಕೊನೆಗೆ ಹದಿನೈದು ವರ್ಷದ ಬೆವರು, ಎಣ್ಣೆ ಕುಡಿದ ನನ್ನ ಸೊಂಟದ ಉಡದಾರವನ್ನೇ ಕತ್ತರಿಸಿದೆ. ಥೇಟ್ ಉಕ್ಕಿನ ಹಗ್ಗ! ಆ ಖುಷಿಯಲ್ಲಿ ಹೊಸದು ಕಟ್ಟಿಕೊಳ್ಳುವುದನ್ನು ಮರೆತೆ.

“ಹೆಣದ ಉಡದಾರ ಹರೀತಾರ್ರೀ, ಬದುಕಿರೋರದ್ದಲ್ಲ!” ಎಂದು ನನ್ನ ಬರಿ ಸೊಂಟ ನೋಡಿ ಕೂಗಿ ರೇಣುಕಾ ಬಸ್ ಹತ್ತಿದಳು.

ಈಗ ಹೊಸದು ಕಟ್ಟಿಕೊಂಡಿದ್ದೇನೆ, ಅವಳನ್ನು ಕಳಿಸಿಕೊಡಿ. ಟ್ಯಾಂಕಿನ ಇನ್ನೊಂದು ಮಗ್ಗುಲಿಗೂ ಕೇಬಲ್ ಬೇಕು. ನಿಮ್ಮ ಉಡದಾರ ಮೂವತ್ತು ವರ್ಷದ್ದಂತೆ. ಅವಳ ಕೈಯಲ್ಲೇ ಕೊಟ್ಟು ಕಳಿಸಿ. ದಯವಿಟ್ಟು ಹೊಸದನ್ನು ಕಟ್ಟಿಕೊಂಡ ಮೇಲೆಯೇ ಕತ್ತರಿಸಿ.

ಇನ್ನೂ ಬದುಕಿರುವ ನಿಮ್ಮ ಅಳಿಯ,
ಓಬಳೇಶ್