ಓದಿ ಹೇಳುವವರು ಬೇರೆ

ಗುರುವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ, ಸಿಟ್ಟು ಇನ್ನೂ ಇಳಿಯದ ನಿನ್ನ ಅಮ್ಮನ ಆಶೀರ್ವಾದಗಳು.

ನಿನ್ನೆ ನಿನ್ನ ಆಸ್ಪತ್ರೆಗೆ ಬಂದು, ನಿನ್ನದೇ ಯಂತ್ರದೆದುರು ನಿಂತು ಎದೆಯ ಎಕ್ಸ್‌ರೇ ತೆಗೆಸಿಕೊಂಡೆನಷ್ಟೆ. ಬಹುದಿನದ ಕೆಮ್ಮು, ಕಫದಲ್ಲಿ ರಕ್ತ ಕಂಡದ್ದನ್ನು ವೈದ್ಯರಿಗೆ ಹೇಳಿದ್ದೆ, ನಿನಗೆ ಹೇಳಿರಲಿಲ್ಲ. ಶ್ವಾಸಕೋಶದಲ್ಲಿ ಏನಿದೆ ಎಂಬ ಒಂದೇ ಪ್ರಶ್ನೆ ಕೇಳಿದೆ. "ಚಿತ್ರ ತೆಗೆಯೋದಷ್ಟೇ ನನ್ನ ಕೆಲಸ ಅಮ್ಮಾ, ಓದಿ ಹೇಳೋರು ಬೇರೆ" ಎಂದುಬಿಟ್ಟೆ ನೀನು. ಹೆತ್ತವಳಿಗೂ ಅದೇ ಉತ್ತರವೇ?

ಮೂರು ವರ್ಷದ ಪದವಿ, ಮೇಲೊಂದು ವರ್ಷ ತರಬೇತಿ: ನೀನು ಓದಿದ್ದೇನು ಕಡಿಮೆಯೇ? ಊಟದ ತಟ್ಟೆಯ ಮುಂದೆ ಕೂತು ಒಂದೊಂದು ಮೂಳೆಯ ಹೆಸರನ್ನೂ ಬಾಯಿಪಾಠ ಮಾಡಿದವಳು ನೀನು, ಒಪ್ಪಿಸಿಕೊಂಡವಳು ನಾನು. ಕಣ್ಣೆದುರಿನ ನೆರಳು ಏನೆಂದು ನಿನಗೆ ತಿಳಿಯದೆಂದರೆ ನಂಬಬೇಕೇ?

ಉಳಿದವರನ್ನೂ ವಿಚಾರಿಸಿದೆ. ರಕ್ತ ತೆಗೆದ ನರ್ಸ್ ನಾಲ್ಕು ವರ್ಷ ಓದಿದವಳಂತೆ. "ಟೀಚರ್, ರೋಗ ಏನು ಅಂತ ನಾನು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ನೀವು ಕೊಡಿಸ್ತೀರಾ ಇನ್ನೊಂದು?" ಎಂದು ನಕ್ಕಳು. ಪ್ರಯೋಗಾಲಯದವನು ಅಂಕಿಗಳನ್ನು ಕೊಡುತ್ತಾನೆ, ಅರ್ಥವನ್ನು ಕೊಡುವುದಿಲ್ಲ. ಔಷಧಿ ಕೊಡುವವನೋ, "ಡಾಕ್ಟರ್ ಚೀಟಿ ಇಲ್ದೆ ಕೊಡಲ್ಲ ಮೇಡಂ, ಬೆಂಚ್ ಮೇಲೆ ನಿಲ್ಲಿಸಿದ್ರೂ ಅಷ್ಟೇ" ಎಂದ. ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು. ಚಿತ್ರ ಓದುವ ವೈದ್ಯರು ವೈದ್ಯಪದವಿಯ ಮೇಲೆ ಮತ್ತೆ ಮೂರು ವರ್ಷ ಅದನ್ನೇ ಕಲಿತವರಂತೆ. ಅವರು ಬರುವುದು ಸೋಮವಾರವಂತೆ! ಇಷ್ಟೊಂದು ಓದಿದವರೆಲ್ಲ ಸೇರಿ ಒಬ್ಬ ಮುದುಕಿಗೆ ಒಂದು ವಾಕ್ಯ ಹೇಳಲಾರಿರಿ.

ಹೊರಡುವಾಗ ನೀನು ಹಿಂದಿನಿಂದ ಬಂದು, "ಪರೀಕ್ಷೆ ಕೊಠಡಿ ಕಾಯೋರು ಪೇಪರ್ ತಿದ್ದುತ್ತಾರಾ ಅಮ್ಮಾ?" ಎಂದಾಗ ಮೈಯೆಲ್ಲ ಉರಿದುಹೋಯಿತು. ಜೀವಮಾನವೆಲ್ಲ ಕೊಠಡಿ ಕಾದವಳಿಗೇ ಪಾಠ! ಈಗ ಕೇಳು: ಬೆಂಚುಗಳ ನಡುವೆ ಓಡಾಡುತ್ತಾ ಕಣ್ಣು ಹಾಯಿಸಿದರೆ ಸಾಕು, ಯಾರು ಪಾಸು, ಯಾರು ಫೇಲು ಎಂದು ನನಗೆ ತಿಳಿಯುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ.

ಸೋಮವಾರ ಒಬ್ಬಳೇ ಹೋಗಿ ವರದಿ ಕೇಳಿಕೊಂಡು ಬರುತ್ತೇನೆ. ನೀನು ನಿನ್ನ ಯಂತ್ರವನ್ನು ನೋಡಿಕೊಂಡಿರು.

ಇಂತಿ,
ನಿನ್ನಷ್ಟೇ ಮೊಂಡಾದ
ಅಮ್ಮ

ಬರೆಯಲೋ ಬೇಡವೋ ಎಂದಿದ್ದ ಮಾತು: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ನನಗಿಂತ ಮುಂದಿದ್ದವರಿಗೆಲ್ಲ ನೀನು ಹೇಳುತ್ತಿದ್ದುದು ಹೊರಗಿನವರೆಗೂ ಕೇಳಿಸುತ್ತಿತ್ತು. ನನಗೆ ಮಾತ್ರ ಕೊನೆಯದನ್ನು ಹೇಳಲು ಮರೆತೆ. ಗಾಜಿನಾಚೆ ನೀನು ಪರದೆಯನ್ನೇ ನೋಡುತ್ತಾ ನಿಂತುಬಿಟ್ಟಿದ್ದೆ. ಈಚೆ ನಾನು ಉಸಿರು ಹಿಡಿದುಕೊಂಡೇ ಇದ್ದೆ. ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ, ಮಗಳೇ. ಸೋಮವಾರ ರಜೆ ಹಾಕು. ಸಮವಸ್ತ್ರ ಬೇಡ, ಮನೆಯ ಬಟ್ಟೆಯಲ್ಲಿ ಬಂದು ನನ್ನ ಪಕ್ಕ ಕೂತಿರು.